ಎರಡು ಆಟೋ ಸಿಪಾಪ್, ಒಂದು ಮಟ್ಟದ ಪೈಪು

ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಅಲ್ಲಿನ ಮೇಸ್ತ್ರಿ ಹತ್ತಿರ ಮಟ್ಟ ನೋಡುವ ಪೈಪು ಇತ್ತು. ಒಳಗೆ ನೀರು ತುಂಬಿ ಈ ಗೋಡೆಗೂ ಆ ಗೋಡೆಗೂ ಮಟ್ಟ ಹಿಡಿಯುತ್ತಾರಲ್ಲ, ಆ ಪ್ಲಾಸ್ಟಿಕ್ ಪೈಪು. ಅದರಲ್ಲಿ ಒಂದೂವರೆ ಮೀಟರ್ ತುಂಡು ಕೇಳಿದೆ. ಯಾಕೆ ಸಾರ್ ಅಂದರು. ಉಸಿರಾಡುವ ಮೆಷಿನ್ನಿಗೆ ಅಂದೆ. ನನ್ನ ಮುಖ ಒಂದು ಸಲ ನೋಡಿ, ಏನೂ ಕೇಳದೆ ಕತ್ತರಿಸಿ ಕೊಟ್ಟರು.

ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮಾಸ್ಕಿನಿಂದ ಗಾಳಿ ಒತ್ತುವ ಮೆಷಿನ್ನಿಗೆ ಸಿಪಾಪ್ ಅನ್ನುತ್ತಾರೆ. ಹದಿನಾಲ್ಕು ತಿಂಗಳಲ್ಲಿ ಎರಡು ಆಟೋ ಸಿಪಾಪ್ ಮೆಷಿನ್ ಕೊಂಡ ಪುಣ್ಯಾತ್ಮ ನಾನು. ಮೊದಲನೆಯದು ಕಡಿಮೆ ಬೆಲೆಯದ್ದು, 34 ಸಾವಿರ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಮೆಷಿನ್, ಒಬ್ಬ ಗೊರಕೆಯವನು, ಇಷ್ಟನ್ನೇ ಇಟ್ಟುಕೊಂಡು ಒಂದು ಕಂಪನಿಯ ಮಾನ ಕಳೆಯುವುದು ಸರಿಯಲ್ಲ. ಎರಡನೆಯದು ರೆಸ್‌ಮೆಡ್ ಏರ್‌ಸೆನ್ಸ್ 10 ಆಟೋಸೆಟ್. ಬೆಲೆ ಮೊದಲನೆಯದರ ಹೆಚ್ಚುಕಡಿಮೆ ಎರಡರಷ್ಟು. ಎರಡರ ಡಬ್ಬದ ಮೇಲೂ ಇರುವ ಪದ ಒಂದೇ: ಆಟೋ. ನನ್ನ ತಕರಾರು ಪೂರ್ತಿ ಆ ಪದದ ಮೇಲೆ.

ಹಿನ್ನೆಲೆ ಬೇಗ ಹೇಳಿ ಮುಗಿಸುತ್ತೇನೆ. ನಿದ್ದೆ ಪರೀಕ್ಷೆಯಲ್ಲಿ ನನ್ನ ಎಎಚ್‌ಐ 38 ಬಂತು. ಅಂದರೆ ಗಂಟೆಗೆ 38 ಸಲ ಉಸಿರು ಪೂರ್ತಿ ನಿಲ್ಲುತ್ತದೆ ಅಥವಾ ಅರ್ಧಕ್ಕೆ ಕಟ್ಟುತ್ತದೆ, ಪ್ರತಿ ಸಲ ಕನಿಷ್ಠ 10 ಸೆಕೆಂಡ್. 5ಕ್ಕಿಂತ ಕಡಿಮೆ ಇದ್ದರೆ ಸರಿ, 30 ದಾಟಿದರೆ ತೀವ್ರ. ಈ ಕಾಯಿಲೆಗೆ ಸ್ಲೀಪ್ ಅಪ್ನಿಯಾ ಅಂತ ಹೆಸರು. ಡಾಕ್ಟರು ಸಿಪಾಪ್ ಬರೆದರು. ಗಂಟಲು ಸಡಿಲವಾಗಿ ಮುಚ್ಚಿಕೊಳ್ಳದ ಹಾಗೆ ಮೂಗಿನಿಂದ ಗಾಳಿ ಒತ್ತಿ ತೆರೆದಿಡುವ ಉಪಾಯ ಇದು. ಸಿಡ್ನಿಯ ಕಾಲಿನ್ ಸಲ್ಲಿವನ್ ಅನ್ನುವ ವೈದ್ಯರು ತಮ್ಮ ಸಂಗಡಿಗರ ಜೊತೆ 1981ರಲ್ಲಿ ಇದನ್ನು ಪ್ರಕಟಿಸಿದರು. ಒತ್ತಡ ಅಂದ ತಕ್ಷಣ ಟೈರಿಗೆ ಗಾಳಿ ಹೊಡೆಯುವ ಪಂಪು ನೆನಪು ಮಾಡಿಕೊಳ್ಳಬೇಡಿ. ಇದರ ಲೆಕ್ಕ ಸೆಂಟಿಮೀಟರ್ ನೀರಿನಲ್ಲಿ. ಮೆಷಿನ್ ಕೊಡುವುದು 4ರಿಂದ 20 ಸೆಂ.ಮೀ. ಗರಿಷ್ಠವೇ ಒಂದು ಗೇಣು ನೀರಿನ ಭಾರಕ್ಕಿಂತ ಸ್ವಲ್ಪ ಕಡಿಮೆ. ಅಷ್ಟು ಸಾಕು, ಗಂಟಲು ಮೆತ್ತಗಿನ ಜಾಗ ನೋಡಿ.

ಮಾಮೂಲಿ ಸಿಪಾಪ್‌ನಲ್ಲಿ ಒಂದೇ ಒತ್ತಡ, ರಾತ್ರಿಯಿಡೀ. ಆಟೋದಲ್ಲಿ ಮೆಷಿನ್ ತಾನೇ ನೋಡಿಕೊಂಡು ಏರಿಸುತ್ತದೆ, ಇಳಿಸುತ್ತದೆ. ಅಂಗಾತ ಮಲಗಿದಾಗ ಜಾಸ್ತಿ ಬೇಕಾಗಬಹುದು, ಮಗ್ಗುಲಾದಾಗ ಕಡಿಮೆ ಸಾಕಾಗಬಹುದು. ಕೇಳಲು ಬಹಳ ಚೆನ್ನಾಗಿದೆ ಅಲ್ವಾ. ಡೀಲರ್ ಕೂಡ ಹಾಗೇ ಹೇಳಿದರು. ಸೆಟ್ಟಿಂಗು 4ರಿಂದ 20, ಫ್ಯಾಕ್ಟರಿಯಿಂದ ಹೇಗೆ ಬಂದಿತ್ತೋ ಹಾಗೇ ಬಿಟ್ಟು, ಆಟೋ ಅಲ್ವಾ ಸಾರ್, ಅದೇ ನೋಡಿಕೊಳ್ಳುತ್ತದೆ ಅಂತ ಬ್ಯಾಗಿಗೆ ಹಾಕಿ ಕೊಟ್ಟರು.

ಮೂರು ತಿಂಗಳು ಕಟ್ಟಿಕೊಂಡು ಮಲಗಿದೆ. ಬೆಳಗ್ಗೆ ಪರದೆ ಮೇಲೆ ಎಎಚ್‌ಐ 2.1, 1.8, 2.4, ಹೀಗೆ. ಫಸ್ಟ್ ಕ್ಲಾಸು. ಆದರೆ ನಾನು ಮಾತ್ರ ಹತ್ತು ಗಂಟೆಯ ಮೀಟಿಂಗಿನಲ್ಲಿ ತೂಕಡಿಸುತ್ತಿದ್ದೆ. ನೆಲಮಂಗಲದ ಟೋಲ್ ಹತ್ತಿರ ಒಂದು ಸಲ ಸ್ಟೀರಿಂಗ್ ಹಿಡಿದೇ ಕಣ್ಣು ಮುಚ್ಚಿತ್ತು, ಆ ವಿಷಯ ಮನೆಯಲ್ಲಿ ಹೇಳಿಲ್ಲ. ಹೆಂಡತಿ ಹೇಳಿದ್ದು ಬೇರೆ: ಗೊರಕೆ ನಿಂತಿದೆ ನಿಜ, ಆದರೆ ಬೆಳಗಿನ ಜಾವ ನೀವು ಇನ್ನೂ ಬಾವಿಯಿಂದ ಮೇಲೆ ಬಂದವರ ಹಾಗೆ ಉಸಿರು ಎಳೆಯುತ್ತೀರಿ. ಡೀಲರಿಗೆ ಫೋನ್ ಮಾಡಿದರೆ, ರಿಪೋರ್ಟ್ ಚೆನ್ನಾಗೇ ಇದೆಯಲ್ಲ ಸಾರ್, ಅಡ್ಜಸ್ಟ್ ಆಗುತ್ತದೆ. ಕೊನೆಗೆ ರಾತ್ರಿಯೆಲ್ಲ ದಾಖಲು ಮಾಡುವ ಆಕ್ಸಿಮೀಟರ್ ಕೈಗೆ ಕಟ್ಟಿಕೊಂಡು ಮಲಗಿದೆ. ಬೆಳಗಿನ ನಾಲ್ಕರಿಂದ ಐದರ ಒಳಗೆ ಆಮ್ಲಜನಕದ ಗೆರೆ ಗರಗಸದ ಹಾಗಿತ್ತು. ಒಂದು ಕಡೆ ಶೇ 84ಕ್ಕೆ ಇಳಿದಿತ್ತು. ಅದೇ ರಾತ್ರಿಗೆ ಮೆಷಿನ್ ಕೊಟ್ಟ ಎಎಚ್‌ಐ 2.3.

ತಾನೇ ಪರೀಕ್ಷೆ ಬರೆದು ತಾನೇ ಮಾರ್ಕ್ಸ್ ಹಾಕಿಕೊಂಡರೆ ಯಾರು ತಾನೇ ಫೇಲ್ ಆಗುತ್ತಾರೆ?

ಹಾಗಾದರೆ ಈ ಮೆಷಿನ್ನಿಗೆ ಹೊರಗಿನವರು ಯಾರೂ ಪರೀಕ್ಷೆ ಇಡುವುದಿಲ್ಲವೇ ಅಂತ ಹುಡುಕಲು ಹೋಗಿ ಬೆಂಚ್ ಟೆಸ್ಟ್ ಅನ್ನುವ ಲೋಕಕ್ಕೆ ಬಿದ್ದೆ. ಮನುಷ್ಯನ ಬದಲು ಮೇಜಿನ ಮೇಲೆ ಒಂದು ನಕಲಿ ಗೊರಕೆಯವನನ್ನು ಕೂರಿಸುತ್ತಾರೆ. ಎದೆಯ ಜಾಗದಲ್ಲಿ ಕಂಪ್ಯೂಟರ್ ನಡೆಸುವ ಕೃತಕ ಶ್ವಾಸಕೋಶ. ಅದಕ್ಕೆ ಹೇಳಿದ ಹಾಗೆ ಎಳೆಯುತ್ತದೆ, ಬಿಡುತ್ತದೆ, ಬೇಕೆಂದಾಗ ನಿಲ್ಲಿಸುತ್ತದೆ. ಗಂಟಲಿನ ಜಾಗದಲ್ಲಿ ಒಂದು ಮೆತ್ತನೆಯ ರಬ್ಬರ್ ನಳಿಗೆ, ಅದರ ಸುತ್ತ ಮುಚ್ಚಿದ ಡಬ್ಬ. ಡಬ್ಬದೊಳಗೆ ಗಾಳಿ ಒತ್ತಿದರೆ ನಳಿಗೆ ಹಿಸುಕಿಕೊಂಡು ಮುಚ್ಚುತ್ತದೆ, ಥೇಟ್ ನಮ್ಮ ಗಂಟಲಿನ ಹಾಗೆ. ಇದಕ್ಕೆ ಸ್ಟಾರ್ಲಿಂಗ್ ರೆಸಿಸ್ಟರ್ ಅಂತ ಹೆಸರು. ಅರ್ನೆಸ್ಟ್ ಸ್ಟಾರ್ಲಿಂಗ್ ಅನ್ನುವ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ನೂರು ವರ್ಷದ ಹಿಂದೆ ಹೃದಯದ ಪ್ರಯೋಗಕ್ಕೆ ಬಳಸಿದ್ದ ಉಪಕರಣ ಅದು. ಅದೇ ಈಗ ಗೊರಕೆಯ ಕೆಲಸಕ್ಕೆ ಬಂದಿದೆ. ಈ ನಕಲಿ ಗಂಟಲಿನ ತುದಿಗೆ ಒಂದೊಂದೇ ಆಟೋ ಮೆಷಿನ್ ಸಿಕ್ಕಿಸಿ, ಎಲ್ಲಕ್ಕೂ ಒಂದೇ ರಾತ್ರಿ ಕೊಡುತ್ತಾರೆ. ಮನುಷ್ಯರ ಮೇಲೆ ಇದು ಸಾಧ್ಯವಿಲ್ಲ. ನನ್ನ ಸೋಮವಾರದ ನಿದ್ದೆ ಮಂಗಳವಾರ ಬರುವುದಿಲ್ಲವಲ್ಲ.

ಇದರಲ್ಲೂ ಎರಡು ಥರ ಇದೆ. ಮೊದಮೊದಲು ಉಸಿರಾಟದ ಮಾದರಿಯನ್ನು ರೆಕಾರ್ಡಿನ ಹಾಗೆ ಹಾಕಿಬಿಡುತ್ತಿದ್ದರು. ಮೆಷಿನ್ ಎಷ್ಟೇ ಒತ್ತಿದರೂ ನಕಲಿ ರೋಗಿ ಗುಣವಾಗುತ್ತಿರಲಿಲ್ಲ. ಮೆಷಿನ್ ಎಚ್ಚೆತ್ತಿತೋ ಇಲ್ಲವೋ ಅನ್ನುವುದು ಅದರಿಂದ ಗೊತ್ತಾಗುತ್ತದೆ, ಕಾಯಿಲೆ ವಾಸಿ ಮಾಡಿತೋ ಅನ್ನುವುದು ಗೊತ್ತಾಗುವುದಿಲ್ಲ. ರಬ್ಬರ್ ನಳಿಗೆ ಬಂದರೆ ಆಟ ಬದಲಾಗುತ್ತದೆ. ಸಾಕಷ್ಟು ಒತ್ತಿದರೆ ನಳಿಗೆ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಕುಂಟು ನೆಪಕ್ಕೆ ಜಾಗವಿಲ್ಲ.

ಫ್ರಾನ್ಸಿನ ಒಂದು ತಂಡ ಹೀಗೆ ಅಂಗಡಿಯಲ್ಲಿ ಸಿಗುವ 11 ಆಟೋ ಮೆಷಿನ್‌ಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿತು. ಫಲಿತಾಂಶ ಓದಿದ ರಾತ್ರಿ ನನಗೆ ಮೆಷಿನ್ ಕಟ್ಟಿಕೊಂಡರೂ ನಿದ್ದೆ ಬರಲಿಲ್ಲ. ಅರ್ಧ ಗಂಟೆ ಒಂದರ ಹಿಂದೆ ಒಂದು ಗಂಟಲು ಮುಚ್ಚುವ ಉಸಿರುಗಟ್ಟು ಕೊಟ್ಟರೆ, ಉಸಿರಾಟವನ್ನು ಸರಿದಾರಿಗೆ ತಂದದ್ದು 11ರಲ್ಲಿ 5. ಗೊರಕೆ ಕೇಳಿ ಒತ್ತಡ ಏರಿಸಿದ್ದೂ 5. ನಾಲ್ಕು ನಿದ್ದೆಯ ಸುತ್ತು ಇರುವ 5.75 ಗಂಟೆಯ ಉದ್ದ ರಾತ್ರಿಯಲ್ಲಿ ಗಂಟಲು ಮುಚ್ಚುವ ಎಎಚ್‌ಐಯನ್ನು 5ಕ್ಕಿಂತ ಕೆಳಗೆ ಇಳಿಸಿದ್ದು ಮತ್ತೆ 5. ಇನ್ನು ಒಂದೇ ಸುತ್ತಿನ, 95 ನಿಮಿಷದ ಚಿಕ್ಕ ನಿದ್ದೆ ಕೊಟ್ಟಾಗ ಅದೇ ಮಟ್ಟ ಮುಟ್ಟಿದ್ದು ಬರೀ 2! ನನಗೆ ಅನ್ನಿಸುವುದು ಏನಂದರೆ, ನಿಧಾನಕ್ಕೆ ಏರಿಸುವ ಮೆಷಿನ್ನಿಗೆ ಉದ್ದ ರಾತ್ರಿ ಇದ್ದರೆ ಹೇಗೋ ತಡವಾಗಿ ಬಂದು ಸೇರಿಕೊಳ್ಳುತ್ತದೆ, ಮಧ್ಯಾಹ್ನ ಮುದ್ದೆ ಉಂಡು ಒಂದು ಗಂಟೆ ಮಲಗುವವರಿಗೆ ಅದು ಎಚ್ಚರಗೊಳ್ಳುವಷ್ಟರಲ್ಲಿ ಇವರೇ ಎದ್ದಿರುತ್ತಾರೆ. ಮತ್ತೆ ನನ್ನ ಕತೆಗೆ ಸರಿಯಾಗಿ ತಾಗುವ ಒಂದು ಸಾಲು: ಆ ಚಿಕ್ಕ ನಿದ್ದೆಯಲ್ಲಿ 3 ಮೆಷಿನ್‌ಗಳು ಎಎಚ್‌ಐಯನ್ನು ಇದ್ದದ್ದಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿಮೆ ಅಂತ ತಮ್ಮ ವರದಿಯಲ್ಲಿ ತೋರಿಸಿದವು.

ಒತ್ತಡ ಎಷ್ಟು ನಿಖರವಾಗಿರಬೇಕು ಅನ್ನುವುದಕ್ಕೆ ಐಎಸ್‌ಒ ಮಾನದಂಡ ಇದೆ. ಆದರೆ ಗೊರಕೆ ಕೇಳಿದರೆ ಎಷ್ಟು ಏರಿಸಬೇಕು, ಎಷ್ಟು ಹೊತ್ತು ಹಿಡಿಯಬೇಕು, ಯಾವಾಗ ಇಳಿಸಬೇಕು ಅನ್ನುವುದು ಆಯಾ ಕಂಪನಿಯ ಅಡುಗೆ ಗುಟ್ಟು. ನಮ್ಮಮ್ಮನ ಸಾರಿನ ಪುಡಿಯೂ ಹಾಗೇ, ಎಲ್ಲರ ಮನೆಯದ್ದೂ ಸಾರೇ, ಉಂಡವರಿಗೆ ಮಾತ್ರ ಗೊತ್ತು.

ಈಗ ಪೈಪಿಗೆ ಬರೋಣ. ರಬ್ಬರ್ ಗಂಟಲು ಮಾಡುವ ಶಕ್ತಿ ನನಗಿಲ್ಲ. ಆದರೆ ಸೆಂಟಿಮೀಟರ್ ನೀರು ಅಂದರೆ ನಿಜವಾಗಿ ಸೆಂಟಿಮೀಟರ್ ನೀರೇ, ಅದನ್ನು ಮನೆಯಲ್ಲೇ ಅಳೆಯಬಹುದು. ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿದೆ. ಅರ್ಧಕ್ಕೆ ಕುಂಕುಮ ಕದಡಿದ ನೀರು. ಹಿಂದೆ ಮಗಳ ಮೂವತ್ತು ಸೆಂಟಿಮೀಟರ್ ಸ್ಕೇಲು. ಸಿಪಾಪ್ ಹೋಸಿಗೂ ಮಾಸ್ಕಿಗೂ ನಡುವೆ ಆಕ್ಸಿಜನ್ ಕೊಡಲು ಹಾಕುವ ಸಣ್ಣ ಅಡಾಪ್ಟರ್ ಸಿಗುತ್ತದೆ, ಅದರ ಮೂತಿಗೆ ಟೇಪು ಸುತ್ತಿ ಪೈಪಿನ ಒಂದು ತುದಿ ಸೇರಿಸಿದೆ. ಇನ್ನೊಂದು ತುದಿ ಗಾಳಿಗೆ ಬಿಟ್ಟೆ. ಮೆಷಿನ್ ಶುರುವಾದಾಗ ಒಂದು ಕಡೆ ನೀರು 5 ಸೆಂ.ಮೀ. ಇಳಿದು ಇನ್ನೊಂದು ಕಡೆ 5 ಏರಿದರೆ ವ್ಯತ್ಯಾಸ 10, ಒತ್ತಡ 10. ಅಷ್ಟೇ ಲೆಕ್ಕ.

ಮೊದಲು ಹಳೇ ಮೆಷಿನ್. ಆಟೋ ಬಿಟ್ಟು, ಸ್ಥಿರ ಒತ್ತಡ 10ಕ್ಕೆ ಇಟ್ಟೆ. ಉಸಿರು ಬಿಡುವಾಗ ಒತ್ತಡ ತಗ್ಗಿಸುವ ಸೌಲಭ್ಯ ಆಫ್. ನೀರು 10ರಲ್ಲೇ ನಿಂತಿತು. ಉಸಿರು ಎಳೆದಾಗ ಕೂದಲೆಳೆಯಷ್ಟು ಇಳಿಯುತ್ತದೆ, ಬಿಟ್ಟಾಗ ಏರುತ್ತದೆ, ಒಟ್ಟು ಮುಕ್ಕಾಲು ಸೆಂ.ಮೀ. ಆಟ. ನನಗೆ ಆಶ್ಚರ್ಯ ಆಯಿತು, ಸುಮ್ನೆ ಇದನ್ನು ಬೈಯುತ್ತಿದ್ದೆ ಅನ್ನಿಸಿತು. ಹೊಸ ಏರ್‌ಸೆನ್ಸ್ ಹಾಕಿದರೆ ಆಟ ಅರ್ಧ ಸೆಂ.ಮೀ. ದೊಡ್ಡ ವ್ಯತ್ಯಾಸವೇನಲ್ಲ.

ಆಮೇಲೆ ಎರಡನ್ನೂ ಆಟೋದಲ್ಲಿ, 8ರಿಂದ 14ರ ನಡುವೆ ಇಟ್ಟು ನಕಲಿ ರೋಗಿಯ ಪಾರ್ಟು ನಾನೇ ಮಾಡಿದೆ. ಎಚ್ಚರವಿದ್ದಾಗ ಗಂಟಲು ಮುಚ್ಚುವ ನಟನೆ ನೆಟ್ಟಗೆ ಬರುವುದಿಲ್ಲ, ಪ್ರಯತ್ನಿಸಿ ಕೈಬಿಟ್ಟೆ. ಗೊರಕೆಯ ನಟನೆ ಸಲೀಸಾಗಿ ಬಂತು, ಅಭ್ಯಾಸಬಲ. ಎರಡೂ ಮೆಷಿನ್ ಒತ್ತಡ ಏರಿಸಿದವು, ಹಳೆಯದು ಸ್ವಲ್ಪ ನಿಧಾನ. ನಿಜವಾದ ಪರೀಕ್ಷೆ ಮೂರನೆಯದು. ಗಂಟಲು ತೆರೆದೇ ಇಟ್ಟು ಉಸಿರು ಮಾತ್ರ ಹದಿನೈದು ಸೆಕೆಂಡ್ ಬಿಗಿಹಿಡಿಯುವುದು. ಐದಾರು ಉಸಿರು, ಮತ್ತೆ ಬಿಗಿ. ಹೀಗೆ ಕಾಲು ಗಂಟೆ. ಇದು ಸೆಂಟ್ರಲ್ ಅಪ್ನಿಯಾದ ನಕಲು. ಆ ಥರದಲ್ಲಿ ದಾರಿ ತೆರೆದೇ ಇರುತ್ತದೆ, ಉಸಿರಾಡು ಅಂತ ಮೆದುಳೇ ಹೇಳುವುದಿಲ್ಲ. ಬಾಗಿಲು ತೆರೆದಿದ್ದರೂ ಯಜಮಾನರು ಹೊರಗೆ ಬರುತ್ತಿಲ್ಲ ಅಂದರೆ ಬಾಗಿಲು ಇನ್ನಷ್ಟು ತಳ್ಳಿ ಏನು ಪ್ರಯೋಜನ? ಒತ್ತಡ ಏರಿಸಿದರೆ ಲಾಭವಿಲ್ಲ, ಕೆಲವರಿಗೆ ಇನ್ನೂ ಜಾಸ್ತಿ ಆಗುವುದೂ ಉಂಟು. ಫ್ರಾನ್ಸಿನ ಮೇಜಿನ ಮೇಲೆ ಇದನ್ನು ಕೊಟ್ಟಾಗ ಏನೂ ಏರಿಸದೆ ಕನಿಷ್ಠ ಒತ್ತಡದಲ್ಲೇ ಸುಮ್ಮನಿದ್ದದ್ದು 11ರಲ್ಲಿ 4 ಮಾತ್ರ.

ಹಳೇ ಮೆಷಿನ್ ಮೂರನೇ ಬಿಗಿಗೇ ಕೆರಳಿತು. 8ರಲ್ಲಿದ್ದ ಕುಂಕುಮದ ನೀರು 9, 10, ಆಮೇಲೆ 11 ದಾಟಿತು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಂಟಲು ಹೆದ್ದಾರಿಯ ಹಾಗೆ ತೆರೆದು, ಕಣ್ಣು ಬಿಟ್ಟುಕೊಂಡು ಇದ್ದೇನೆ. ಅದು ಮಾತ್ರ ಗಂಟಲು ಕಟ್ಟಿದೆ ಅಂತ ಒತ್ತುತ್ತಲೇ ಇದೆ.

ಏರ್‌ಸೆನ್ಸ್ ಹಾಕಿದೆ. ಉಸಿರು ಬಿಗಿಹಿಡಿದು ಕೆಲವೇ ಸೆಕೆಂಡಿನಲ್ಲಿ ನೀರಿನ ಮೇಲ್ಮೈ ಸಣ್ಣಗೆ ನಡುಗಿತು. ಲಾರಿ ಹೋದಾಗ ಲೋಟದ ಕಾಫಿ ನಡುಗುತ್ತದಲ್ಲ, ಹಾಗೆ. ಮಗಳು ಮೊದಲು ನೋಡಿದಳು. ಇದರ ಬಗ್ಗೆ ಓದಿದ್ದೆ, ಕಣ್ಣಾರೆ ಕಂಡದ್ದು ಆವತ್ತೇ. ಉಸಿರು ನಿಂತಾಗ ಈ ಮೆಷಿನ್ ಸೆಕೆಂಡಿಗೆ 4 ಸಲದ ಸಣ್ಣ ಒತ್ತಡದ ಅಲೆ ಕಳಿಸುತ್ತದೆ, ಬಾಗಿಲು ತಟ್ಟಿದ ಹಾಗೆ. ಅಲೆ ಒಳಗೆ ಹೋದರೆ ದಾರಿ ತೆರೆದಿದೆ, ಹೋಗದಿದ್ದರೆ ಕಟ್ಟಿದೆ. ತೆರೆದಿದೆ ಅಂತ ಗೊತ್ತಾಯಿತು, ಒತ್ತಡ 8ರಲ್ಲೇ ಉಳಿಯಿತು. ಆಮೇಲೆ ಎಸ್‌ಡಿ ಕಾರ್ಡ್ ತೆಗೆದು ಆಸ್ಕರ್ ಅನ್ನುವ ಉಚಿತ ತಂತ್ರಾಂಶದಲ್ಲಿ ನೋಡಿದರೆ, ನನ್ನ ಬಿಗಿಗಳ ಮೇಲೆಲ್ಲ ದಾರಿ ತೆರೆದ ಅಪ್ನಿಯಾ ಅಂತ ಗುರುತು ಬಿದ್ದಿತ್ತು.

ನನ್ನ ಪರೀಕ್ಷೆಯನ್ನು ವಿಜ್ಞಾನ ಅಂತ ಯಾರೂ ತಿಳಿಯಬೇಡಿ. ಎಚ್ಚರ ಇರುವ ಮನುಷ್ಯ ನಕಲಿ ರೋಗಿಯೂ ಅಲ್ಲ, ನಿಜ ರೋಗಿಯೂ ಅಲ್ಲ. ಅಸಲಿ ಬೆಂಚಿಗೂ ಮಿತಿ ಇದೆ: ರಬ್ಬರ್ ನಳಿಗೆಗೆ ಮಗ್ಗುಲಾಗುವುದು ಗೊತ್ತಿಲ್ಲ, ಬಾಯಿ ತೆರೆದು ಗಾಳಿ ಸೋರಿಸುವುದು ಗೊತ್ತಿಲ್ಲ, ಸೊಳ್ಳೆ ಕಚ್ಚಿದರೆ ಏಳುವುದಿಲ್ಲ. ಸಾಮಾನ್ಯ ಗಂಟಲು ಕಟ್ಟುವ ರೋಗಿಗಳಲ್ಲಿ ಆಟೋ ಮತ್ತು ಸ್ಥಿರ ಒತ್ತಡ ಎರಡರಿಂದಲೂ ಹೆಚ್ಚುಕಡಿಮೆ ಒಂದೇ ಲಾಭ ಅಂತ ಆಸ್ಪತ್ರೆ ಅಧ್ಯಯನಗಳು ಹೇಳುತ್ತವೆ. ಆದರೆ ಅದು ಸರಾಸರಿಯ ಮಾತು. ಅಂಗಡಿಗೆ ಹೋಗುವುದು ಸರಾಸರಿ ಅಲ್ಲ, ನಾನು. ಇನ್ನು ಹೃದಯ ವೈಫಲ್ಯ, ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಆಟೋ ತಂದು ಕಟ್ಟಿಕೊಳ್ಳಬೇಡಿ, ಅವರ ಲೆಕ್ಕವೇ ಬೇರೆ.

ಹಳೆಯದಕ್ಕೂ ನ್ಯಾಯ ಮಾಡಬೇಕು. ಡಾಕ್ಟರು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ಒತ್ತಡ ಹೊಂದಿಸಿ ನೋಡಿದರು, ನನಗೆ ಬೇಕಾದದ್ದು 11ರ ಆಸುಪಾಸು. ನಾಲ್ಕರಿಂದ ಶುರು ಮಾಡಿದರೆ ಅಲ್ಲಿಗೆ ಏರುವಷ್ಟರಲ್ಲಿ ಎಷ್ಟೋ ಸಲ ಉಸಿರು ಕಟ್ಟಿರುತ್ತದೆ ಅಂದರು. ಹಳೇ ಮೆಷಿನ್ನಿಗೇ 8ರಿಂದ 14 ಕೊಟ್ಟು ಎರಡು ವಾರ ಮಲಗಿದೆ. ಎಷ್ಟೋ ವಾಸಿ ಆಯಿತು. ಅಂದರೆ ಮೂರು ತಿಂಗಳ ತೂಕಡಿಕೆಯಲ್ಲಿ ಅರ್ಧ ಪಾಪ 4ರಿಂದ 20 ಅಂತ ಬಿಟ್ಟುಕೊಟ್ಟವರದ್ದು. ಆದರೂ ಬೆಳಗಿನ ಜಾವದ ಗರಗಸ ಪೂರ್ತಿ ಹೋಗಲಿಲ್ಲ, 88, 89 ಅಂತ ಹಲ್ಲು ಉಳಿದೇ ಇತ್ತು. ಏರ್‌ಸೆನ್ಸ್‌ನಲ್ಲಿ ಅದೇ 8ರಿಂದ 14ಕ್ಕೆ ಗೆರೆ ಸಪಾಟಾಯಿತು, 93ರ ಕೆಳಗೆ ಇಳಿಯಲಿಲ್ಲ.

ಏರ್‌ಸೆನ್ಸ್ 10ರ ದಿನದ ಬಾಳಿನ ಬಗ್ಗೆ ಎರಡು ಮಾತು. ಸದ್ದು ಫ್ಯಾನಿಗಿಂತ ಕಡಿಮೆ. ನೀರಿನ ತೊಟ್ಟಿ ಪಕ್ಕದಲ್ಲೇ ಸೇರಿಕೊಂಡಿದೆ, ಡಿಸ್ಟಿಲ್ಡ್ ವಾಟರ್ ಹಾಕಿ. ನಮ್ಮ ಬೋರ್‌ವೆಲ್ ನೀರು ಹಾಕಿದರೆ ಇಡ್ಲಿ ಪಾತ್ರೆಯ ತಳದ ಹಾಗೆ ಬಿಳಿ ಪದರ ಕಟ್ಟುತ್ತದೆ. ಡಿಸೆಂಬರ್ ಚಳಿಯಲ್ಲಿ ಹೋಸಿನೊಳಗೆ ಹನಿ ಕಟ್ಟಿ ಮೂಗಿಗೆ ಸುರಿಯುವುದು ಯಾವ ಮೆಷಿನ್ನಿನಲ್ಲೂ ಇದ್ದದ್ದೇ, ಬಿಸಿ ಹೋಸು ಕೊಂಡರೆ ತಪ್ಪುತ್ತದೆ, ಅದಕ್ಕೆ ಬೇರೆ ದುಡ್ಡು. ಸೊಳ್ಳೆಬತ್ತಿ, ಅಗರಬತ್ತಿ ಹತ್ತಿರ ಇಡಬೇಡಿ, ರೂಮಿನ ಗಾಳಿಯನ್ನೇ ಅದು ಎಳೆಯುತ್ತದೆ, ಫಿಲ್ಟರ್ ಹೊಗೆಯ ವಾಸನೆ ತಡೆಯುವುದಿಲ್ಲ. ಸೋರಿಕೆ ನಿಮಿಷಕ್ಕೆ 24 ಲೀಟರ್ ದಾಟಿದರೆ ಆಟೋದ ಬುದ್ಧಿಯೂ ಮಂಕಾಗುತ್ತದೆ, ಹಾಗಾಗಿ ಮೆಷಿನ್ನಿಗಿಂತ ಮೊದಲು ಮಾಸ್ಕಿನ ಮೇಲೆ ಹೊತ್ತು ಕಳೆಯಿರಿ.

ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ಒಂದು ಎಚ್ಚರ. 2021ರ ಜೂನ್‌ನಲ್ಲಿ ಫಿಲಿಪ್ಸ್ ತನ್ನ ಲಕ್ಷಾಂತರ ಮೆಷಿನ್‌ಗಳನ್ನು ವಾಪಸ್ ಕರೆಯಿತು. ಸದ್ದು ತಡೆಯಲು ಒಳಗೆ ಇಟ್ಟಿದ್ದ ಫೋಮ್ ಪುಡಿಯಾಗಿ ಗಾಳಿಯ ದಾರಿಗೆ ಸೇರಬಹುದು ಅನ್ನುವ ಕಾರಣಕ್ಕೆ. ಇಂಥದ್ದು ಯಾವ ಬೆಂಚ್ ಟೆಸ್ಟಿನಲ್ಲೂ ಕಾಣುವುದಿಲ್ಲ. ಹಳೇ ಮೆಷಿನ್ ಕೊಳ್ಳುವುದಾದರೆ ಮಾಡೆಲ್, ಸೀರಿಯಲ್ ನಂಬರ್ ನೋಡಿಯೇ ಕೊಳ್ಳಿ.

ಡೀಲರಿಗೆ ಏನು ಕೇಳಬೇಕು ಅಂತ ಕೇಳಿದರೆ, ಬೆಲೆಗಿಂತ ಮೊದಲು ಇದು: ಸೆಂಟ್ರಲ್ ಅಪ್ನಿಯಾ ಬಂದರೆ ನಿಮ್ಮ ಮೆಷಿನ್ ಏನು ಮಾಡುತ್ತದೆ? ಉತ್ತರ ಗೊತ್ತಿಲ್ಲದೆ, ಆಟೋ ಅಲ್ವಾ ಸಾರ್ ಅಂದರೆ ನಮಸ್ಕಾರ ಹೇಳಿ ಬನ್ನಿ. ಗೊತ್ತಿದ್ದರೆ ಒಂದು ವಾರ ಬಾಡಿಗೆಗೆ ಕೇಳಿ, ಬಾಡಿಗೆಗೆ ಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ. ಆ ವಾರದಲ್ಲಿ ಎರಡು ರಾತ್ರಿಯಾದರೂ ಆಕ್ಸಿಮೀಟರ್ ಕಟ್ಟಿಕೊಂಡು ಮಲಗಿ, ಮೆಷಿನ್ ಹೇಳಿದ್ದನ್ನು ಅದರ ಜೊತೆ ಇಟ್ಟು ನೋಡಿ.

ಏರ್‌ಸೆನ್ಸ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಬೆಲೆಗೆ. ಹಳೆಯದನ್ನು ಡೀಲರ್ ಎಂಟು ಸಾವಿರಕ್ಕೆ ವಾಪಸ್ ಕೇಳಿದರು, ಕೊಡಲಿಲ್ಲ. ಅದರ ಆಟೋ ಆಫ್ ಮಾಡಿ, ಡಾಕ್ಟರನ್ನು ಕೇಳಿ, 11ಕ್ಕೆ ಸ್ಥಿರವಾಗಿ ಇಟ್ಟು ತಿಪಟೂರಿನ ಮನೆಯಲ್ಲಿ ಬಿಟ್ಟಿದ್ದೇನೆ. ಹಬ್ಬಕ್ಕೆ ಹೋದಾಗ ಅದನ್ನೇ ಕಟ್ಟಿಕೊಂಡು ಮಲಗುತ್ತೇನೆ, ನಿದ್ದೆ ಚೆನ್ನಾಗೇ ಬರುತ್ತದೆ. ಹೀಟರ್ ಆಫ್ ಮಾಡಿದರೆ ಅಲ್ಲಿನ ಹಳೇ ಇನ್ವರ್ಟರಿನಲ್ಲೂ ಬೆಳಗಿನ ತನಕ ಓಡುತ್ತದೆ.